40 ಲ್ಯಾಪ್‌ಟಾಪ್ ಒಟ್ಟಿಗೆ ಎತ್ತಬೇಕಾ, ಬೇಡವಾ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದೊಂದು ಕಂಪ್ಯೂಟರ್ ಅಂಗಡಿ ಇದೆ. ಅಪ್ಪ 2004ರಲ್ಲಿ ಶುರು ಮಾಡಿದ್ದು. ಅವರದು ಅಸೆಂಬಲ್ಡ್ ಮಷೀನ್ (ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್) ಮತ್ತು ರಿಪೇರಿ. ಈಗ ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಕೆಲಸಕ್ಕೆ ಇಬ್ಬರು ಹುಡುಗರಿದ್ದಾರೆ. ನಾನು ಬಂದಮೇಲೆ ಲ್ಯಾಪ್‌ಟಾಪ್ ಮಾರಾಟ ಸೇರಿಸಿದೆ, ತಿಂಗಳಿಗೆ ಸುಮಾರು 8 ಹೋಗುತ್ತವೆ. ಮಾರ್ಜಿನ್ 4 ಪರ್ಸೆಂಟ್. ಈಗ ಡಿಸ್ಟ್ರಿಬ್ಯೂಟರ್ ಒಂದು ಸ್ಕೀಮ್ ತಂದಿದ್ದಾರೆ. ತಿಂಗಳ ಕೊನೆಯೊಳಗೆ 40 ಲ್ಯಾಪ್‌ಟಾಪ್ ಎತ್ತಿದರೆ ಇನ್ನೂ 3 ಪರ್ಸೆಂಟ್ ಜಾಸ್ತಿ ಕೊಡುತ್ತಾರಂತೆ. ಒಂದರ ಬೆಲೆ ಸರಾಸರಿ 42,000 ರೂಪಾಯಿ. ಬ್ಯಾಂಕಿನಲ್ಲಿ ಓಡಿ (ಓವರ್‌ಡ್ರಾಫ್ಟ್ ಸಾಲ) ಇದೆ, ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ. ಆನ್‌ಲೈನ್ ರೇಟಿಗೆ ಪೈಪೋಟಿ ಕೊಡಬೇಕಾದರೆ ಇದೊಂದೇ ದಾರಿ ಅಂತ ನನಗನಿಸುತ್ತದೆ. ಅಸೆಂಬಲ್ಡ್ ನಿಲ್ಲಿಸಿ ಪೂರ್ತಿ ಲ್ಯಾಪ್‌ಟಾಪ್ ಅಂಗಡಿ ಮಾಡುವ ಯೋಚನೆಯೂ ಇದೆ. ಅಪ್ಪ ಎರಡಕ್ಕೂ ಬೇಡ ಅನ್ನುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. ಡೆಲ್, ಕಾಂಪ್ಯಾಕ್‌ನಂಥ ಕಂಪ್ಯೂಟರ್ ಕಂಪನಿಗಳು ಬೆಳೆದದ್ದೂ ಕಡಿಮೆ ಬೆಲೆಗೆ ಮಾರಿಯೇ ಅಲ್ಲವೇ? ಏನು ಮಾಡಲಿ?

ಉತ್ತರ: ಈ 40 ಎತ್ತಬೇಡಿ. ನಿಮ್ಮ ತಂದೆಯವರು ಹೇಳದ ಕಾರಣವನ್ನು ನಾನು ಬಿಡಿಸಿ ಹೇಳುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಸಣ್ಣ ವ್ಯಾಪಾರಿಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಹೀಗಾಗಿ ಮೊದಲು ಲೆಕ್ಕಕ್ಕೇ ಬರುತ್ತೇನೆ.

40 ಲ್ಯಾಪ್‌ಟಾಪ್ ಅಂದರೆ 16,80,000 ರೂಪಾಯಿ. ಅದರ 3 ಪರ್ಸೆಂಟ್ 50,400. ಸ್ಕೀಮಿನಿಂದ ನಿಮಗೆ ಜಾಸ್ತಿ ಸಿಗುವುದು ಇಷ್ಟೇ. ತಿಂಗಳಿಗೆ 8ರಂತೆ ಮಾರಿದರೆ ಮಾಲು ಖಾಲಿಯಾಗಲು ಐದು ತಿಂಗಳು ಬೇಕು. ಶುರುವಿನಲ್ಲಿ 40, ಕೊನೆಗೆ ಸೊನ್ನೆ. ಅಂದರೆ ಸರಾಸರಿ 20 ಲ್ಯಾಪ್‌ಟಾಪಿನ ರೊಕ್ಕ, 8,40,000 ರೂಪಾಯಿ, ಐದು ತಿಂಗಳು ಓಡಿಯಲ್ಲಿ ನಿಂತಿರುತ್ತದೆ. ತಿಂಗಳಿಗೆ 1 ಪರ್ಸೆಂಟ್ ಬಡ್ಡಿ ಹಿಡಿದರೆ 42,000 ರೂಪಾಯಿ ಆಯಿತು. ಉಳಿದದ್ದು 8,400.

ಇಷ್ಟಕ್ಕೇ ಮುಗಿಯುವುದಿಲ್ಲ. ಎರಡು ತಿಂಗಳು ಕಳೆದ ಮೇಲೆ ನಿಮ್ಮ ಹತ್ತಿರ 24 ಉಳಿದಿರುತ್ತವೆ. ಆಗ ಕಂಪನಿ ಅದೇ ಮಾಡೆಲ್ ಮೇಲೆ 2,000 ಇಳಿಸಿತು ಅನ್ನಿ. ನಿಮ್ಮ ಕೈಯಿಂದ 48,000 ಹೋಯಿತು. ಹಬ್ಬದ ಆನ್‌ಲೈನ್ ಸೇಲ್ ನಡುವೆ ಬಂದರೆ ಇಳಿಯುವುದು 2,000ಕ್ಕೆ ನಿಲ್ಲುತ್ತದೆಯೇ, ನೀವೇ ಹೇಳಿ. ಇದರ ಮೇಲೆ ಶಾಲೆ, ಕಾಲೇಜಿಗೆ ಉದ್ರಿ ಕೊಟ್ಟಿದ್ದರೆ ಆ ಬಡ್ಡಿ ಬೇರೆ.

ಬಾಕ್ಸ್ ಒಳಗೆ ನಡೆಯುವುದನ್ನೂ ನೋಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಗೋಡೌನಿನಲ್ಲಿ ತಿಂಗಳುಗಟ್ಟಲೆ ಕೂತ ಲ್ಯಾಪ್‌ಟಾಪಿನ ಬ್ಯಾಟರಿ ಬಾಕ್ಸ್ ಒಡೆಯುವ ಮೊದಲೇ ಸವೆಯುತ್ತದೆ. ವಾರಂಟಿಯದು ಇನ್ನೊಂದು ತಕರಾರು. ಗಿರಾಕಿ ಮನೆಗೆ ಹೋಗಿ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿದರೆ, ಕೆಲವೊಮ್ಮೆ ವಾರಂಟಿ ಮಾಲು ಕಾರ್ಖಾನೆ ಬಿಟ್ಟ ದಿನದಿಂದಲೇ ಶುರುವಾದಂತೆ ತೋರಿಸುತ್ತದೆ. ಬಿಲ್ ಕಳಿಸಿ ಸರಿ ಮಾಡಿಸಬಹುದು, ನಿಜ. ಆದರೆ ಅಷ್ಟರಲ್ಲಿ ಆತ ನಿಮ್ಮನ್ನು 'ಹಳೇ ಮಾಲು ಕೊಟ್ಟರು' ಅಂತ ನಾಲ್ಕು ಜನರ ಹತ್ತಿರ ಹೇಳಿರುತ್ತಾನೆ. ನಾನು ಯಾವುದೇ ಕಂಪ್ಯೂಟರ್ ಅಂಗಡಿಗೆ ಹೋದರೂ ಮಾರಾಟದ ಪುಸ್ತಕಕ್ಕಿಂತ ಮೊದಲು ಬಾಕ್ಸಿನ ಮೇಲಿನ ತಾರೀಖು ನೋಡುತ್ತೇನೆ.

ಹಾಗಾದರೆ ಇಂಥ ಸ್ಕೀಮ್ ಬರುವುದಾದರೂ ಯಾಕೆ? ನಿಮ್ಮ ಡಿಸ್ಟ್ರಿಬ್ಯೂಟರ್ ಕೆಟ್ಟವರಲ್ಲ. ಅವರ ಮೇಲೆ ಕಂಪನಿಯ ಟಾರ್ಗೆಟ್ ಇದೆ. ಕಂಪನಿಯ ಮೇಲೆ ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸುವ ಒತ್ತಡ ಇದೆ. ಡೀಲರ್ ಕೈಗೆ ಮಾಲು ದಾಟಿಸಿದರೆ ಅವರ ಪುಸ್ತಕದಲ್ಲಿ ಅದು ಮಾರಾಟ. ಗಿರಾಕಿ ಕೊಂಡನೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ನೀವು ಹೆಸರು ಎತ್ತಿದ ಕಾಂಪ್ಯಾಕ್ ಎಡವಿದ್ದು ಇಲ್ಲಿಯೇ. 1994ರಲ್ಲಿ ಅದು ಜಗತ್ತಿನಲ್ಲೇ ಅತಿ ಹೆಚ್ಚು ಪಿಸಿ ಮಾರುವ ಕಂಪನಿಯಾಗಿತ್ತು. 1998ರ ಶುರುವಿಗೆ ಡೀಲರುಗಳ ಹತ್ತಿರ ಅದರ ಮಾಲು ಗುಡ್ಡೆ ಬಿದ್ದಿತ್ತು. ಅದನ್ನು ಕರಗಿಸಲು ಬೆಲೆ ಇಳಿಸಲೇಬೇಕಾಯಿತು. ಆ ಮೂರು ತಿಂಗಳ ಲಾಭ ಹೆಚ್ಚುಕಡಿಮೆ ಸೊನ್ನೆಗೆ ಬಂತು. ಮರುವರ್ಷ ಏಪ್ರಿಲ್‌ನಲ್ಲಿ ಮುಖ್ಯಸ್ಥ ಎಕ್‌ಹಾರ್ಡ್ ಫೈಫರ್ ಕುರ್ಚಿ ಬಿಟ್ಟರು. 2002ರಲ್ಲಿ ಕಂಪನಿಯೇ ಎಚ್‌ಪಿ ಪಾಲಾಯಿತು. ಅಷ್ಟು ದೊಡ್ಡ ಕಂಪನಿಗೆ ದಕ್ಕದ ಸ್ಟಾಕು ನಿಮ್ಮ ಓಡಿಗೆ ದಕ್ಕುತ್ತದೆಯೇ?

ಇನ್ನು ಡೆಲ್. ಇವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ.

ಮೈಕಲ್ ಡೆಲ್ 1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಹಾಸ್ಟೆಲ್ ರೂಮಿನಲ್ಲಿ 1,000 ಡಾಲರ್ ಬಂಡವಾಳದಿಂದ ಶುರು ಮಾಡಿದರು. ಅವರು ಮಾಡಿದ್ದು ಅಸೆಂಬಲ್ಡ್ ವ್ಯಾಪಾರವೇ, ನಿಮ್ಮ ತಂದೆಯವರ ಹಾಗೆ. ಪತ್ರಿಕೆಯಲ್ಲಿ ಜಾಹೀರಾತು ಕೊಡುವುದು, ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದು, ಗಿರಾಕಿ ಕೇಳಿದಂತೆ ಜೋಡಿಸಿ ಕಳಿಸುವುದು. ಅವರ ಬೆಲೆ ಕಡಿಮೆ ಇತ್ತು, ಒಪ್ಪುತ್ತೇನೆ. ಆದರೆ ಆ ಕಡಿಮೆ ಬೆಲೆ ಸಾಧ್ಯವಾದದ್ದು ಜಾಸ್ತಿ ಮಾಲು ಎತ್ತಿದ್ದರಿಂದ ಅಲ್ಲ. ಮಾಲು ಇಟ್ಟುಕೊಳ್ಳದೇ ಇದ್ದುದರಿಂದ. ನಡುವೆ ಡೀಲರ್ ಇಲ್ಲ, ಅವರ ಕಮಿಷನ್ ಇಲ್ಲ. ಗಿರಾಕಿಯ ರೊಕ್ಕ ಮೊದಲು ಬರುತ್ತದೆ, ಬಿಡಿಭಾಗ ಕೊಟ್ಟವರಿಗೆ ಆಮೇಲೆ ಹೋಗುತ್ತದೆ. ಈ ಎರಡರ ನಡುವಿನ ದಿನಗಳಲ್ಲಿ ಬೇರೆಯವರ ರೊಕ್ಕದಲ್ಲೇ ವ್ಯಾಪಾರ ನಡೆಯುತ್ತದೆ. 1990ರ ದಶಕದ ಕೊನೆಗೆ ಡೆಲ್ ಹತ್ತಿರ ಇರುತ್ತಿದ್ದದ್ದು ಸುಮಾರು ಒಂದು ವಾರದ ಸ್ಟಾಕ್. ಕಾಂಪ್ಯಾಕ್ ಡೀಲರುಗಳ ಹತ್ತಿರ ವಾರಗಟ್ಟಲೆ ಸ್ಟಾಕ್ ಇರುತ್ತಿತ್ತು. ಪ್ರೊಸೆಸರ್, ಹಾರ್ಡ್‌ಡಿಸ್ಕ್ ಬೆಲೆ ಇಳಿದರೆ ಡೆಲ್ ಗಿರಾಕಿಗೆ ಹೊಸ ಬೆಲೆ ಆ ವಾರವೇ ಸಿಗುತ್ತಿತ್ತು. ಕಾಂಪ್ಯಾಕ್ ಮೊದಲು ಹಳೇ ಬೆಲೆಯ ಮಾಲು ಕರಗಿಸಬೇಕಿತ್ತು.

ಇದನ್ನು ಅವರು ಪುಸ್ತಕ ಓದಿ ಕಲಿತದ್ದಲ್ಲ. 1989ರಲ್ಲಿ ಡೆಲ್ ಮೆಮೊರಿ ಚಿಪ್‌ಗಳನ್ನು ಸಿಕ್ಕಷ್ಟು ಕೊಂಡು ರಾಶಿ ಹಾಕಿತು. ಆಗ ಬೆಲೆ ಮೇಲಿತ್ತು. ಕೊಂಡದ್ದೇ ತಡ, ಬೆಲೆ ಬಿತ್ತು. ಸಾಲದ್ದಕ್ಕೆ 256 ಕಿಲೋಬಿಟ್ ಚಿಪ್ ಹೋಗಿ 1 ಮೆಗಾಬಿಟ್ ಚಿಪ್ ಬಂತು. ಹಳೇ ರಾಶಿಯನ್ನು ಕೇಳುವವರಿಲ್ಲದೆ ನಷ್ಟಕ್ಕೆ ಮಾರಬೇಕಾಯಿತು. ಅದು ಆ ಕಂಪನಿಗೆ ಬಿದ್ದ ಮೊದಲ ದೊಡ್ಡ ಪೆಟ್ಟು. ಆಮೇಲೆ ದೊಡ್ಡ ಅಂಗಡಿಗಳ ಮೂಲಕ ಮಾರಲು ಹೋಗಿ ಮತ್ತೆ ಕೈ ಸುಟ್ಟುಕೊಂಡಿತು. 1993ರಲ್ಲಿ ನಷ್ಟ ಕಂಡು, 1994ರಲ್ಲಿ ಅಂಗಡಿ ಮಾರಾಟ ನಿಲ್ಲಿಸಿತು. ವಾರದ ಸ್ಟಾಕಿನ ಶಿಸ್ತು ಬಂದದ್ದು ಇಷ್ಟೆಲ್ಲ ಆದಮೇಲೆ.

ಆಪಲ್‌ನಲ್ಲೂ ಇದೇ ನಡೆಯಿತು. ಸ್ಟೀವ್ ಜಾಬ್ಸ್ 1997ರಲ್ಲಿ ವಾಪಸ್ ಬಂದಾಗ ಕಂಪನಿ ದಿವಾಳಿ ಅಂಚಿನಲ್ಲಿತ್ತು. ಹತ್ತಾರು ಮಾಡೆಲ್ ಕಿತ್ತು ಹಾಕಿ ನಾಲ್ಕಕ್ಕೆ ಇಳಿಸಿದ ಕಥೆ ಎಲ್ಲರಿಗೂ ಗೊತ್ತು. ಅಷ್ಟೇ ಮುಖ್ಯವಾದ ಕೆಲಸ 1998ರಲ್ಲಿ ಸೇರಿದ ಟಿಮ್ ಕುಕ್ ಅವರದು. ಗೋಡೌನುಗಳನ್ನು ಮುಚ್ಚಿಸಿದರು, ಸ್ಟಾಕನ್ನು ದಿನಗಳ ಲೆಕ್ಕಕ್ಕೆ ತಂದರು. ಸ್ಟಾಕನ್ನು ಹಾಲಿನ ವ್ಯಾಪಾರದ ಹಾಗೆ ನೋಡಬೇಕು, ತಾರೀಖು ದಾಟಿದರೆ ತೊಂದರೆ ಅನ್ನುವುದು ಅವರ ಮಾತಿನ ಸಾರ. ಐದು ತಿಂಗಳ ಹಾಲನ್ನು ಒಟ್ಟಿಗೆ ತಂದಿಡಿ ಅಂತ ಡಿಸ್ಟ್ರಿಬ್ಯೂಟರ್ ನಿಮಗೆ ಹೇಳುತ್ತಿದ್ದಾರೆ.

'ಬೆಲೆ ಏರಿದರೆ? ಆಗ ಸ್ಟಾಕ್ ಇಟ್ಟವನಿಗೆ ಲಾಭ ಅಲ್ವಾ?' ಅಂತ ನೀವು ಕೇಳಬಹುದು. ಏರುವುದುಂಟು. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿದಾಗ ಬೆಲೆ ಹಾರಿತ್ತು. ನಿಮ್ಮ ತಂದೆಯವರಿಗೆ ಅದು ನೆನಪಿರಲೇಬೇಕು. ರ‍್ಯಾಮ್ ಬೆಲೆ ಕೂಡ ಆಗಾಗ ಜಿಗಿಯುತ್ತದೆ. ಆದರೆ ಏರುವ ಹೊತ್ತನ್ನು ಮೊದಲೇ ಊಹಿಸಿ ಸಾಲದ ರೊಕ್ಕದಲ್ಲಿ ಮಾಲು ತುಂಬುವುದು ಸಟ್ಟಾ ಆಗುತ್ತದೆ. 1989ರಲ್ಲಿ ಡೆಲ್ ಮಾಡಿದ್ದೂ ಅದನ್ನೇ. ನಿಮ್ಮ ಸ್ವಂತ ರೊಕ್ಕ ಸುಮ್ನೆ ಬಿದ್ದಿದ್ದರೆ ಹತ್ತು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್), ಹತ್ತು ರ‍್ಯಾಮ್ ಇಟ್ಟುಕೊಳ್ಳಿ. ಅವು ರಿಪೇರಿಗೆ ಹೇಗೂ ಬೇಕು. ಲ್ಯಾಪ್‌ಟಾಪ್ ಬೇಡ.

ಈಗ ನಿಮ್ಮ ನಿಜವಾದ ತಲೆನೋವಿಗೆ ಬರೋಣ. ಆನ್‌ಲೈನ್ ರೇಟು. ಲ್ಯಾಪ್‌ಟಾಪ್ ಮಾರಿ ನಿಮಗೆ ಉಳಿಯುವುದು 4 ಪರ್ಸೆಂಟ್, ಅಂದರೆ 1,680 ರೂಪಾಯಿ. ಇದು ನಿಮ್ಮೊಬ್ಬರ ಗೋಳಲ್ಲ. ಐಬಿಎಂ 1981ರಲ್ಲಿ ಮೊದಲ ಪಿಸಿ ತಂದಾಗ ಬೇಗ ಮಾರುಕಟ್ಟೆಗೆ ಬರಬೇಕು ಅಂತ ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮ್ಮನ್ನು ಮೈಕ್ರೋಸಾಫ್ಟ್‌ನಿಂದ ತಗೊಂಡಿತು. ಮೈಕ್ರೋಸಾಫ್ಟ್ ಅದನ್ನು ಬೇರೆಯವರಿಗೂ ಮಾರುವ ಹಕ್ಕು ಉಳಿಸಿಕೊಂಡಿತ್ತು. ಕಾಂಪ್ಯಾಕ್ ಬಂದು ಐಬಿಎಂ ಮಷೀನ್ ಶುರುವಾಗಲು ಬೇಕಾದ ಬಯೋಸ್ ಎನ್ನುವ ಸಾಫ್ಟ್‌ವೇರಿನಂತೆಯೇ ಕೆಲಸ ಮಾಡುವ ಬಯೋಸ್ ಬರೆಯಿತು. ಅಲ್ಲಿಂದ ಮುಂದೆ ಯಾರು ಬೇಕಾದರೂ ಪಿಸಿ ಮಾಡಬಹುದಾಯಿತು. ಡಬ್ಬಿ ಎಲ್ಲರದೂ ಒಂದೇ ಆದಮೇಲೆ ಲಾಭ ಚಿಪ್ಪಿಗೆ ಮತ್ತು ವಿಂಡೋಸಿಗೆ ಹೋಯಿತು. ಪಿಸಿ ಹುಟ್ಟುಹಾಕಿದ ಐಬಿಎಂ 2005ರಲ್ಲಿ ಆ ವಿಭಾಗವನ್ನೇ ಚೀನಾದ ಲೆನೊವೊಗೆ ಮಾರಿ ಕೈ ತೊಳೆದುಕೊಂಡಿತು. ಡಬ್ಬಿಯಲ್ಲಿ ಐಬಿಎಂಗೇ ಲಾಭ ಉಳಿಯಲಿಲ್ಲ ಅಂದಮೇಲೆ, 3 ಪರ್ಸೆಂಟ್ ಜಾಸ್ತಿ ಸಿಕ್ಕ ಮಾತ್ರಕ್ಕೆ ಗಂಗಾವತಿಯಲ್ಲಿ ಉಳಿಯುವುದಿಲ್ಲ.

ಹಾಗಾದರೆ ನಿಮ್ಮ ಹತ್ತಿರ ಆನ್‌ಲೈನಿನವರ ಹತ್ತಿರ ಇಲ್ಲದ್ದು ಏನಿದೆ? ನಿಮ್ಮ ಊರಿನ ರೈಸ್ ಮಿಲ್ಲುಗಳನ್ನೇ ನೋಡಿ. ಮಿಲ್ಲಿನ ಗೇಟಿನ ಹತ್ತಿರ ಲಾರಿ ತೂಗುವ ವೇಬ್ರಿಡ್ಜ್ ಇರುತ್ತದೆ, ಪಕ್ಕದ ರೂಮಿನಲ್ಲಿ ಒಂದು ಹಳೇ ಕಂಪ್ಯೂಟರ್. ಲಾರಿ ಹತ್ತಿದಾಗ ತೂಕದ ಇಂಡಿಕೇಟರ್ ಆ ಕಂಪ್ಯೂಟರಿಗೆ ಅಂಕಿ ಕಳಿಸುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ. ಬಹಳ ಕಡೆ ಇದು ನಡೆಯುವುದು ಸೀರಿಯಲ್ ಪೋರ್ಟ್ ಅನ್ನುವ ಹಳೇ ಕಾಲದ ಕೇಬಲ್ ಕಿಂಡಿಯಲ್ಲಿ. ಸಾಹುಕಾರರ ಮಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹೊಸ ಲ್ಯಾಪ್‌ಟಾಪ್ ತಂದು ಇಡುತ್ತಾನೆ. ಅದರಲ್ಲಿ ಸೀರಿಯಲ್ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಬೇಕು, ಅದರ ಡ್ರೈವರ್ ಬೇಕು, ಕಾಮ್ ಪೋರ್ಟ್ ನಂಬರ್ ಸಾಫ್ಟ್‌ವೇರಿನಲ್ಲಿ ಇರುವುದಕ್ಕೆ ಹೊಂದಬೇಕು, ಬಾಡ್ ರೇಟ್ (ಅಂಕಿ ಕಳಿಸುವ ವೇಗ) ಕೂಡಬೇಕು. ಒಂದು ತಪ್ಪಿದರೂ ಪರದೆಯ ಮೇಲೆ ತೂಕ ಬರುವುದಿಲ್ಲ. ಭತ್ತದ ಸುಗ್ಗಿಯಲ್ಲಿ ರಸ್ತೆವರೆಗೆ ಲಾರಿ ನಿಂತಿರುವಾಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಯಾರು ಕಾಯುತ್ತಾರೆ? ಆಗ ಅವರು ಕರೆಯುವುದು ನಿಮ್ಮ ತಂದೆಯವರನ್ನು. ತೌಡಿನ ಧೂಳು ತುಂಬಿ ಫ್ಯಾನ್ ನಿಂತ ಮಷೀನು, ವೋಲ್ಟೇಜ್ ಏರಿಳಿದು ಸುಟ್ಟ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಭಾಗ), ಎಲ್ಲಕ್ಕೂ ಅವರೇ.

ಈ ಕೆಲಸಕ್ಕೆ ಈಗ ನೀವು ಎಷ್ಟು ತಗೊಳ್ಳುತ್ತಿದ್ದೀರಿ? ನನ್ನ ಅಂದಾಜು, ಹೋದಾಗ 300, 500. ಅದನ್ನೇ ಎಎಂಸಿ, ಅಂದರೆ ವರ್ಷಕ್ಕೊಮ್ಮೆಯ ನಿರ್ವಹಣೆ ಒಪ್ಪಂದ ಮಾಡಿ. ಮಿಲ್ಲಿನ ಎಲ್ಲ ಕಂಪ್ಯೂಟರು, ಪ್ರಿಂಟರು, ಟ್ಯಾಲಿ ಬ್ಯಾಕಪ್ಪು, ವೇಬ್ರಿಡ್ಜ್ ಕನೆಕ್ಷನ್ ಸೇರಿ ವರ್ಷಕ್ಕೆ 12,000 ಅಂತಿಟ್ಟುಕೊಳ್ಳಿ. ಫೋನ್ ಬಂದ ಎರಡು ತಾಸಿನಲ್ಲಿ ಹುಡುಗ ಅಲ್ಲಿರಬೇಕು, ಒಂದು ಸ್ಪೇರ್ ಮಷೀನ್ ಸದಾ ತಯಾರಿರಬೇಕು. ಇಪ್ಪತ್ತು ಗಿರಾಕಿ ಸಿಕ್ಕರೆ 2,40,000. ಇಷ್ಟೇ ರೊಕ್ಕ ಲ್ಯಾಪ್‌ಟಾಪ್ ಮಾರಿ ಬರಬೇಕಾದರೆ ನೀವು 143 ಮಾರಬೇಕು, ನಿಮ್ಮ ಈಗಿನ ಓಟದಲ್ಲಿ ಹದಿನೆಂಟು ತಿಂಗಳು. ಎಎಂಸಿಗೂ ಪೆಟ್ರೋಲ್, ಬಿಡಿಭಾಗದ ಖರ್ಚಿದೆ, ಇಲ್ಲ ಅನ್ನುವುದಿಲ್ಲ. ಆದರೆ ಇಬ್ಬರು ಹುಡುಗರ ಸಂಬಳ ನೀವು ಈಗಲೂ ಕೊಡುತ್ತಿದ್ದೀರಿ. ಇದರಲ್ಲಿ ಅರ್ಧ ರೊಕ್ಕ ಮೊದಲೇ ತಗೊಳ್ಳಿ. ಡೆಲ್‌ಗೆ ಗಿರಾಕಿ ಮುಂಗಡ ಕೊಟ್ಟ ಹಾಗೆ ನಿಮ್ಮ ಗಿರಾಕಿಯ ರೊಕ್ಕದಲ್ಲಿ ನಿಮ್ಮ ಅಂಗಡಿ ನಡೆಯುತ್ತದೆ, ಓಡಿ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಹೊಸ ಕೆಲಸ ಈಗ ತಾನಾಗಿಯೇ ಬಂದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಮೇಲಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮಿಲ್ಲು, ಗೊಬ್ಬರದ ಅಂಗಡಿ, 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವ ಡಿಟಿಪಿ ಸೆಂಟರುಗಳಲ್ಲಿ ಎಷ್ಟು ಮಷೀನ್ ಹಳೆಯವು ಅಂತ ನಿಮ್ಮ ತಂದೆಯವರ ರಿಪೇರಿ ಪುಸ್ತಕದಲ್ಲೇ ಇರುತ್ತದೆ. ಆ ಪುಸ್ತಕ ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿ. ಯಾವುದಕ್ಕೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ 11 ಏರಿಸಬಹುದು, ಯಾವುದನ್ನು ಬದಲಿಸಲೇಬೇಕು ಅಂತ ಬರೆದು ಕೊಡಿ. ನಿಮ್ಮ ಹತ್ತಿರ ಇರುವ ನಿಜವಾದ ಆಸ್ತಿ ಆ ಪುಸ್ತಕವೇ.

ಲ್ಯಾಪ್‌ಟಾಪ್ ಮಾರಾಟ ಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಲೆನೊವೊ ತನ್ನ ಗಿರಾಕಿಗಳನ್ನು ಎರಡು ಬಗೆಯಾಗಿ ನೋಡಿತು. ವರ್ಷಗಟ್ಟಲೆ ಸಂಬಂಧ ಇಟ್ಟುಕೊಳ್ಳುವ ಸಂಸ್ಥೆಗಳು ಒಂದು ಕಡೆ, ಬಂದು ಕೊಂಡು ಹೋಗುವ ಬಿಡಿ ಗಿರಾಕಿ ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ ಮಾಡಿತು. 2013ಕ್ಕೆ ಜಗತ್ತಿನಲ್ಲಿ ಮೊದಲನೇ ಸ್ಥಾನಕ್ಕೆ ಬಂತು. ನಿಮ್ಮಲ್ಲೂ ಕಾಲೇಜು ಹುಡುಗರಿಗೆ ಬೆಲೆಯೇ ಮುಖ್ಯ. ಅವರಿಗೆ ನಾಲ್ಕೈದು ಡಿಸ್‌ಪ್ಲೇ ಪೀಸ್ ಇಡಿ, ಆರ್ಡರ್ ಬಂದಮೇಲೆ ತರಿಸಿ ಕೊಡಿ. ಬೆಲೆಯಲ್ಲಿ ಜಗ್ಗಾಡಿ ಸಮಯ ಕಳೆಯಬೇಡಿ. ಮಿಲ್ಲಿನವರು, ಆಡಿಟರು, ನರ್ಸಿಂಗ್ ಹೋಮಿನವರು 1,000 ರೂಪಾಯಿ ವ್ಯತ್ಯಾಸಕ್ಕೆ ಓಡಿ ಹೋಗುವವರಲ್ಲ. ಮಷೀನು ನಿಂತರೆ ಯಾರು ಬರುತ್ತಾರೆ ಅನ್ನುವುದು ಅವರಿಗೆ ಬೇಕು.

ಇನ್ನು ನೀವು ಮತ್ತು ನಿಮ್ಮ ತಂದೆಯವರ ನಡುವಿನ ವಿಷಯ. ಇಲ್ಲಿ ಪೂರ್ತಿ ಅವರ ಪರವಾಗಿ ನಾನಿಲ್ಲ. ಗೆದ್ದ ದಾರಿಯನ್ನು ಬಿಡಲಾಗದೆ ಸೋತವರೂ ಈ ವ್ಯಾಪಾರದಲ್ಲಿ ಬೇಕಾದಷ್ಟು ಇದ್ದಾರೆ. ಕಾಂಪ್ಯಾಕ್ ಕಟ್ಟಿದ ರಾಡ್ ಕ್ಯಾನಿಯನ್ ಒಳ್ಳೆಯ ಮಷೀನು, ಒಳ್ಳೆಯ ಬೆಲೆ ಅನ್ನುವ ನಂಬಿಕೆಯವರು. 1991ರ ಹೊತ್ತಿಗೆ ಅಗ್ಗದ ಪಿಸಿಗಳು ನುಗ್ಗಿ ಕಂಪನಿ ಮೊದಲ ಸಲ ನಷ್ಟ ಕಂಡಿತು. ಅಗ್ಗದ ಮಷೀನ್ ಮಾಡಲು ಕ್ಯಾನಿಯನ್ ಇನ್ನೂ ಸಮಯ ಕೇಳುತ್ತಿದ್ದರು. ಕಂಪನಿಯ ಅಧ್ಯಕ್ಷ ಬೆನ್ ರೋಸನ್, ಕ್ಯಾನಿಯನ್‌ಗೆ ತಿಳಿಸದೆ, ಕಂಪನಿಯ ಕೆಲವರನ್ನು ಲಾಸ್ ವೇಗಾಸಿನ ಕಾಮ್‌ಡೆಕ್ಸ್ ಪ್ರದರ್ಶನಕ್ಕೆ ಕಳಿಸಿದರು. ಪೇಟೆಯಲ್ಲಿ ಬಿಡಿಭಾಗಗಳನ್ನು ಯಾರು ಬೇಕಾದರೂ ಎಷ್ಟು ಕಡಿಮೆಗೆ ಕೊಳ್ಳಬಹುದು ಅಂತ ಅವರು ಬೆಲೆ ಕೇಳಿಕೊಂಡು ಬಂದರು. ಅಕ್ಟೋಬರಿನಲ್ಲಿ ಕ್ಯಾನಿಯನ್ ಹೊರಗೆ ಹೋದರು. 1992ರ ಜೂನ್‌ನಲ್ಲಿ ಕಾಂಪ್ಯಾಕ್ ಅಗ್ಗದ ಮಷೀನ್ ತಂದು ಪೇಟೆಯನ್ನೇ ಅಲುಗಾಡಿಸಿತು.

ಡೆಲ್‌ಗೂ ಇದೇ ಗತಿ ಬಂತು. ನೇರವಾಗಿ ಮಾರುವ ಪದ್ಧತಿಯಿಂದಲೇ ಮೊದಲ ಸ್ಥಾನಕ್ಕೆ ಏರಿದ ಕಂಪನಿ, ಜನ ಲ್ಯಾಪ್‌ಟಾಪನ್ನು ಮುಟ್ಟಿ ನೋಡಿ ಕೊಳ್ಳಲು ಶುರು ಮಾಡಿದಾಗ ಹಿಂದೆ ಬಿತ್ತು. 2006ರಲ್ಲಿ ಎಚ್‌ಪಿ ಮುಂದೆ ಹೋಯಿತು. 2007ರ ಜನವರಿಯಲ್ಲಿ ಮೈಕಲ್ ಡೆಲ್ ಮತ್ತೆ ಮುಖ್ಯಸ್ಥರಾಗಿ ಬಂದರು. ಅದೇ ವರ್ಷ ತಾವೇ ಬಿಟ್ಟಿದ್ದ ಅಂಗಡಿ ಮಾರಾಟವನ್ನು ಮತ್ತೆ ಶುರು ಮಾಡಿದರು. ತಾನು ಕಟ್ಟಿದ ಪದ್ಧತಿಯನ್ನು ತಾನೇ ಮುರಿಯುವ ಧೈರ್ಯ ಬಹಳ ಜನರಿಗೆ ಇರುವುದಿಲ್ಲ, ಅವರಿಗಿತ್ತು. ಹಾಗಾಗಿ ಲ್ಯಾಪ್‌ಟಾಪ್ ಸೇರಿಸಿದ್ದು ನೀವು ಮಾಡಿದ ಸರಿಯಾದ ಕೆಲಸ. ತಂದೆಯವರೂ ಇದನ್ನು ಒಪ್ಪಬೇಕು.

ಆದರೆ ಅಸೆಂಬಲ್ಡ್ ನಿಲ್ಲಿಸುವ ಮಾತನ್ನು ಹೊರಗೆ ಆಡಬೇಡಿ. 2011ರ ಆಗಸ್ಟಿನಲ್ಲಿ ಎಚ್‌ಪಿ ಮುಖ್ಯಸ್ಥ ಲಿಯೊ ಅಪೊಥೆಕರ್ ಪಿಸಿ ವಿಭಾಗವನ್ನು ಬೇರೆ ಮಾಡುವ ಯೋಚನೆ ಇದೆ ಅಂತ ಬಹಿರಂಗವಾಗಿ ಹೇಳಿದರು. ಆಗ ಎಚ್‌ಪಿ ಪಿಸಿಯಲ್ಲಿ ಮೊದಲನೇ ಕಂಪನಿ. ಮಾರುವವರಿಗೂ ಕೊಳ್ಳುವವರಿಗೂ ದಿಗಿಲಾಯಿತು. ಮರುತಿಂಗಳೇ ಅಪೊಥೆಕರ್ ಕೆಲಸ ಹೋಯಿತು. ನಂತರ ಬಂದ ಮೆಗ್ ವಿಟ್ಮನ್ ಲೆಕ್ಕ ಹಾಕಿಸಿದಾಗ, ಪಿಸಿಗಾಗಿ ಮಾಡುವ ದೊಡ್ಡ ಖರೀದಿಯಿಂದ ಉಳಿದ ವಿಭಾಗಗಳಿಗೂ ಅನುಕೂಲ ಇದೆ, ಬೇರೆ ಮಾಡಿದರೆ ನಷ್ಟವೇ ಜಾಸ್ತಿ ಅಂತ ಕಂಡಿತು. ಅಕ್ಟೋಬರಿನಲ್ಲಿ ಯೋಚನೆ ಕೈಬಿಟ್ಟರು. ನಿಮ್ಮ ಅಂಗಡಿಯಲ್ಲೂ ಹಾಗೆಯೇ. ಅಸೆಂಬಲ್ಡ್ ಮಷೀನಿನಲ್ಲಿ ಲಾಭ ಕಡಿಮೆ ಕಾಣಬಹುದು. ಆದರೆ ಆ ಕೆಲಸ ಇರುವುದರಿಂದಲೇ ಬಿಡಿಭಾಗ ಒಳ್ಳೆ ರೇಟಿಗೆ ಬರುತ್ತದೆ, ಹುಡುಗರ ಕೈ ಪಳಗುತ್ತದೆ. ಅದು ನಿಂತರೆ ಎಎಂಸಿ ನಡೆಸಲು ಕೈಯೇ ಇರುವುದಿಲ್ಲ.

ಡಿಸ್ಟ್ರಿಬ್ಯೂಟರ್‌ಗೆ ಮುಖ ಮುರಿಯುವಂತೆ ಹೇಳುವುದೂ ಬೇಡ. 8 ಎತ್ತುತ್ತೇನೆ, ತಿಂಗಳು ತಿಂಗಳೂ ತಪ್ಪದೆ ಎತ್ತುತ್ತೇನೆ, ಹೇಳಿದ ದಿನಕ್ಕೆ ರೊಕ್ಕ ಕಳಿಸುತ್ತೇನೆ, ಇದಕ್ಕೆ 1 ಪರ್ಸೆಂಟ್ ಜಾಸ್ತಿ ಕೊಡಿ ಅಂತ ಕೇಳಿ. ಹಠ ಹಿಡಿದು 40 ಅಂದರೆ ಎರಡು ಮಾತು ಬರಹದಲ್ಲಿ ಕೇಳಿ. ಬೆಲೆ ಇಳಿದರೆ ಉಳಿದ ಮಾಲಿನ ವ್ಯತ್ಯಾಸ ಅವರು ತುಂಬಿ ಕೊಡಬೇಕು. ಮೂರು ತಿಂಗಳಲ್ಲಿ ಹೋಗದ ಮಾಲು ವಾಪಸ್ ತಗೊಳ್ಳಬೇಕು. ಎರಡನ್ನೂ ಬರೆದುಕೊಟ್ಟರೆ ಆಗ ನನ್ನ ಲೆಕ್ಕ ಬದಲಾಗುತ್ತದೆ, ಎತ್ತಿ. ವಾಟ್ಸಾಪ್‌ನಲ್ಲಿ 'ನೋಡ್ಕೊಳ್ಳೋಣ ಬಿಡಿ' ಅಂದರೆ ಅದನ್ನು ಬರಹ ಅಂತ ತಿಳಿಯಬೇಡಿ. ಎಎಂಸಿ ಕೆಲಸವನ್ನು ಮಾತ್ರ ಭತ್ತದ ಕಟಾವಿಗೆ ಒಂದು ತಿಂಗಳು ಮೊದಲೇ ಶುರು ಮಾಡಿ, ಮೊದಲ ಐದಾರು ಮಿಲ್ಲಿಗೆ ತಂದೆಯವರನ್ನೂ ಕರೆದುಕೊಂಡು ಹೋಗಿ. ಸಾಹುಕಾರರು ಮೊದಲ ವರ್ಷ ಸಹಿ ಹಾಕುವುದು ಅವರ ಮುಖ ನೋಡಿಯೇ.